ಸ್ವಿಚ್ಚು ಹಾಕಿಸದೆ ಬರೆದ ವರದಿ

ಕರಿಯಮ್ಮನವರೇ, ನಿಮ್ಮ ಹಾಳೆಯನ್ನು ವರದಿಯಿಂದ ತೆಗೆದವನು ನಾನೇ.

ಅದು ಕಳೆದುಹೋಗಲಿಲ್ಲ. ಗುಮಾಸ್ತರ ಕೈತಪ್ಪಿನಿಂದ ಬೇರೆ ಕಡತಕ್ಕೆ ಸೇರಿಹೋಗಲೂ ಇಲ್ಲ. ನೀವು ಗುಂಡುಸೂಜಿ ಚುಚ್ಚಿ ಕೊಟ್ಟಿದ್ದ ಆ ಒಂದು ಹಾಳೆಯನ್ನು ನಾನು ಕೈಯಾರೆ ಬಿಡಿಸಿ, ನಾಲ್ಕು ಮಡಿಕೆ ಮಾಡಿ, ಭೌತಶಾಸ್ತ್ರದ ಲ್ಯಾಬಿನಲ್ಲಿ ನನ್ನ ಮೇಜಿನ ಮೇಲಿದ್ದ ಲಾಗರಿದಮ್ ಪುಸ್ತಕದೊಳಗೆ ಇಟ್ಟೆ. ಒಂದೂವರೆ ವರ್ಷದ ಮೇಲೆ, ನಾಲ್ಕು ಜನರ ಮುಂದೆ ನೀವು ಆ ಹಾಳೆಯ ಬಗ್ಗೆ ಕೇಳಿದಾಗ, ಅಂಥದ್ದೊಂದು ಇದ್ದದ್ದೇ ನೆನಪಿಲ್ಲ ಎಂದೆ. ನೆನಪಿತ್ತು. ಅದರ ಒಂದೊಂದು ಸಾಲೂ ನೆನಪಿತ್ತು. ಇವತ್ತಿಗೂ ಇದೆ.

ಇಷ್ಟನ್ನು ಹೇಳುವುದಕ್ಕೆ ನನಗೆ ಹತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಅದೂ ಈಗ ಕಾಲೇಜಿನ ವಾರ್ಷಿಕ ಸಂಚಿಕೆಯವರು ಮನೆಗೆ ಬಂದು, "ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದ ಕತೆ ಬರೆದುಕೊಡ್ರಿ ಸಾರ್, ನಿಮ್ಮಷ್ಟು ಗೊತ್ತಿರೋರು ಇನ್ಯಾರವ್ರೆ" ಎಂದು ಕೂತರು ಅಂತ. ನಿವೃತ್ತನಾದವನಿಗೆ ಯಾರಾದರೂ ಬರಿ ಎಂದರೆ ಸಾಕು, ಉಬ್ಬಿಹೋಗುತ್ತಾನೆ. ನಾನೂ ಒಪ್ಪಿಕೊಂಡೆ. ಎರಡು ಸಲ ಬರೆದೆ, ಎರಡು ಸಲವೂ ಹರಿದು ಹಾಕಿದೆ. ಎರಡರಲ್ಲೂ ನಾನು ಬಲು ದೊಡ್ಡ ಮನುಷ್ಯನಾಗಿ ಕಾಣುತ್ತಿದ್ದೆ. ಮೂರನೆಯ ಸಲ ನಿಮ್ಮ ಹೆಸರಿನಿಂದ ಶುರುಮಾಡಿದೆ — ಆಮೇಲೆ ಪೆನ್ನು ಎಲ್ಲೂ ನಿಲ್ಲಲಿಲ್ಲ.

ನಡೆದದ್ದೆಲ್ಲ ನಿಮಗೆ ಗೊತ್ತಿರುವುದೇ. ಆದರೂ ಸಂಚಿಕೆ ಓದುವ ಬೇರೆಯವರಿಗಾಗಿ ಮೊದಲಿನಿಂದ ಹೇಳುತ್ತೇನೆ, ಬೇಸರಿಸಬೇಡಿ.

ಆಗಿನ್ನೂ ತೊಂಬತ್ತರ ದಶಕ ಮುಗಿದಿರಲಿಲ್ಲ. ಹೊಸದುರ್ಗ ಸೀಮೆಯ ನಮ್ಮ ಕಾಲೇಜಿನ ಗ್ರಂಥಾಲಯವನ್ನು ಕಂಪ್ಯೂಟರಿಗೆ ಹಾಕಬೇಕೆಂದು ಆಡಳಿತ ಮಂಡಳಿಗೆ ಮನಸ್ಸಾಯಿತು. ಯಾವ ಪುಸ್ತಕ ಯಾರ ಹತ್ತಿರ ಇದೆ ಎಂಬುದು ಗುಂಡಿ ಒತ್ತಿದರೆ ತೆರೆಯ ಮೇಲೆ ಬರುತ್ತದಂತೆ ಎಂದು ಕೇಳಿಯೇ ಎಲ್ಲರೂ ಪುಳಕಗೊಂಡಿದ್ದರು. ಆದರೆ ಮಂಡಳಿಯ ಒಂದು ನಿಯಮವಿತ್ತು. ಇಂಥ ಯಾವ ಯೋಜನೆಗೇ ಆಗಲಿ, ಮಂಜೂರಾತಿ ಕೊಡುವ ಮುನ್ನ ಮೂವರ ಸಮಿತಿಯೊಂದು ಅದು ಬೇರೆ ಕಾಲೇಜಿನಲ್ಲಿ ನಡೆಯುತ್ತಿರುವುದನ್ನು ಕಣ್ಣಾರೆ ನೋಡಿ ವರದಿ ಕೊಡಬೇಕು. ಒಳ್ಳೆಯ ನಿಯಮ. ಮಾಡಿದವರು ಯಾರೋ ತಿಳಿದವರು. ಕೆಡಿಸುವುದಕ್ಕೆ ನನ್ನಂಥವನು ಬೇಕಾಗಿದ್ದ, ಸಿಕ್ಕಿದ.

ಸಮಿತಿಗೆ ನಾನೇ ಸಂಚಾಲಕ. ಬಿಡುವಿನಲ್ಲಿ ಸ್ಟಾಫ್ ರೂಮಿನವರ ರೇಡಿಯೊ ರಿಪೇರಿ ಮಾಡಿಕೊಡುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ನನಗೆ ಕಂಪ್ಯೂಟರೂ ಗೊತ್ತೆಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಇನ್ನೊಬ್ಬರು ಅರ್ಥಶಾಸ್ತ್ರದ ಓಂಕಾರಪ್ಪನವರು — ಕಾಲೇಜಿನ ಯಾವ ಸಮಿತಿಯಲ್ಲೂ ಇರುತ್ತಿದ್ದರು, ಯಾವ ವರದಿಯನ್ನೂ ಓದುತ್ತಿರಲಿಲ್ಲ. ಮೂರನೆಯವರು ನೀವು. ತಾತ್ಕಾಲಿಕ ಗ್ರಂಥಪಾಲಕಿ. ಹಾಲುರಾಮೇಶ್ವರದ ಕಡೆಯ ಒಂದು ಹಟ್ಟಿಯಿಂದ ಬಂದವರು, ಕುರಿ ಸಾಕುವ ಮನೆತನ, ಆ ಮನೆಯಲ್ಲಿ ಪದವಿ ಓದಿದವರಲ್ಲಿ ಮೊದಲನೆಯವರು. ಏಳು ವರ್ಷದಿಂದ ವರ್ಷವರ್ಷವೂ ಹೊಸ ಆದೇಶ ಪಡೆದು ಕೆಲಸ ಮಾಡುತ್ತ, ಖಾಯಂ ಆಗುವುದನ್ನು ಕಾಯುತ್ತಿದ್ದಿರಿ. ನಿಮ್ಮನ್ನು ಸಮಿತಿಗೆ ಸೇರಿಸಿದ್ದು ಯಾಕೆಂದರೆ — ನಿಜ ಹೇಳಿಬಿಡುತ್ತೇನೆ — ಗ್ರಂಥಾಲಯದವರೊಬ್ಬರ ಸಹಿ ಇರಲಿ ಅಂತ. ನಿಮ್ಮ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ.

ನಾವು ಹೋದದ್ದು ಹಿರಿಯೂರಿನಾಚೆಯ ಒಂದು ಕಾಲೇಜಿಗೆ. ಅದರ ಹೆಸರು ಬೇಡ. ಅವರು ಮಾಡಿದ್ದು ಬರೀ ಮರ್ಯಾದೆ, ತಪ್ಪು ನನ್ನದು. ಬಾಡಿಗೆ ಕಾರಿನಿಂದ ಇಳಿಯುವುದೇ ತಡ ಅಲ್ಲಿಯ ಪ್ರಿನ್ಸಿಪಾಲರು ಎರಡೂ ಕೈ ಚಾಚಿಕೊಂಡು ಬಂದರು. "ಬರ್ರಿ ಬರ್ರಿ, ಮೊದ್ಲು ಕುಂತ್ಕಳ್ರಿ. ಕಂಪ್ಯೂಟರ್ ಎಲ್ಲಿ ಓಡೋಗ್ತೈತೆ?" ಎಂದರು. ಮಂಡಕ್ಕಿ ಬಂತು, ಮೆಣಸಿನಕಾಯಿ ಬಜ್ಜಿ ಬಂತು, ಕಾಫಿ ಬಂತು. ಆಮೇಲೆ ಎಲ್ಲ ಅಧ್ಯಾಪಕರನ್ನೂ ಕರೆಸಿ ಒಂದು ಸಣ್ಣ ಸಭೆಯನ್ನೇ ಮಾಡಿಬಿಟ್ಟರು. ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಓಂಕಾರಪ್ಪನವರಿಗೂ ಶಾಲು. ನಿಮಗೆ ಹೂವು, ರವಿಕೆ ಬಟ್ಟೆ. ನನ್ನ ಬಗ್ಗೆ ಒಬ್ಬರು ಎರಡು ಮಾತಾಡಿದರು. ಅದರಲ್ಲಿ ನನ್ನನ್ನು ವಿಜ್ಞಾನಿ ಎಂದರು. ನಾನು ತಿದ್ದಲಿಲ್ಲ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಪರೀಕ್ಷೆ ಮಾಡಲು ಬಂದವರನ್ನೂ ಮೊದಲು ನೆಂಟರನ್ನಾಗಿ ಮಾಡಿಬಿಡುತ್ತೇವೆ. ಶಾಲು ಹೊದೆಸಿಕೊಂಡು ಕುಳಿತವನು ಇನ್ನು ಬಾಯಿಬಿಟ್ಟು ಏನು ಕೇಳುತ್ತಾನೆ? ಹೆಣ್ಣು ನೋಡಲು ಹೋದವರಂತೆ ತಲೆಯಾಡಿಸಿ ಬರಬೇಕು, ಅಷ್ಟೆ. ಈ ಮಾತನ್ನು ನೆಪಕ್ಕೆ ಹೇಳುತ್ತಿಲ್ಲ. ಅದೇ ಶಾಲು ಹೊದ್ದವರ ಪಕ್ಕದಲ್ಲೇ ನೀವೂ ಇದ್ದಿರಿ, ಅದೇ ಬಜ್ಜಿ ತಿಂದಿದ್ದಿರಿ. ಆದರೂ ಕೇಳಿದಿರಿ.

ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋದೆವು. ಕಂಪ್ಯೂಟರಿಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿದ್ದರು. ಬಟ್ಟೆ ತೆಗೆದರೆ ತೆರೆಯ ಮೇಲೆ ಮೂರು ಬೊಟ್ಟು ಕುಂಕುಮ, ಆಯುಧಪೂಜೆಯದ್ದು, ಒರೆಸಿರಲಿಲ್ಲ. ಅಂದರೆ ಅಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲವೋ ಏನೋ — ನನ್ನ ಕಣ್ಣಿಗೂ ಅದು ಬಿತ್ತು. ಓಂಕಾರಪ್ಪನವರು ಯಂತ್ರಕ್ಕೆ ಕೈ ಮುಗಿದರು. ನಾನು ಪೆಟ್ಟಿಗೆಯ ಹಿಂದಿನ ತಂತಿಗಳನ್ನು ಬಗ್ಗಿ ನೋಡಿ, ಹೂಂ, ಹೂಂ ಎಂದೆ.

ಆಗ ನೀವು ಕೇಳಿದಿರಿ. "ಒಂದು ಪುಸ್ತಕ ಕೊಟ್ಟು, ವಾಪಸ್ ಈಸ್ಕಂಡು ತೋರಿಸ್ತೀರಾ ಸಾರ್?"

"ಕರೆಂಟಿಲ್ಲಲ್ಲಮ್ಮ. ಮೂರು ಗಂಟೆಗೆ ಬರ್ತೈತೆ" ಎಂದರು ಅಲ್ಲಿಯ ಪ್ರಿನ್ಸಿಪಾಲರು.

ನೀವು ಗೋಡೆಯ ಗಡಿಯಾರ ನೋಡಿದಿರಿ. "ಇನ್ನ ಅರ್ಧ ಗಂಟೆ ಅಲ್ವಾ ಸಾರ್? ಕಾಯ್ತೀವಿ ಬಿಡ್ರಿ."

ಆ ಪ್ರಿನ್ಸಿಪಾಲರ ಮುಖ ಸಣ್ಣದಾಯಿತು. ನನಗೆ ನಾಚಿಕೆಯಾಯಿತು — ಅವರ ಪರವಾಗಿ ನಾಚಿಕೆ, ಎಂದುಕೊಂಡೆ ಆಗ. ಶಾಲಿನ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ನಗುತ್ತ ಹೇಳಿದೆ: "ಏ, ಬೇಡ ಬೇಡ. ನಮಗೆ ನಂಬಿಕೆ ಐತೆ. ಇಷ್ಟು ದೊಡ್ಡವರು ಹೇಳಿದ ಮೇಲೆ ನೋಡೋದೇನು ಬಂತು."

ಅದೇ ಮಾತು. ಅಲ್ಲಿಗೆ ಎಲ್ಲ ಮುಗಿಯಿತು. ಎಲ್ಲರೂ ನಕ್ಕರು, ಬಟ್ಟೆಯನ್ನು ಮತ್ತೆ ಹೊದಿಸಿದರು.

ಇಲ್ಲ, ಮುಗಿಯಲಿಲ್ಲ. ದೇವರು ಇನ್ನೊಂದು ಅವಕಾಶ ಕೊಟ್ಟ. ಗೇಟಿನ ಹತ್ತಿರ ಕಾರು ಹತ್ತುತ್ತಿದ್ದೆವು. ನೀವು ಹಿಂದಕ್ಕೆ ತಿರುಗಿ ನೋಡಿ, "ಸಾರ್, ಕರೆಂಟ್ ಬಂತು. ಆಫೀಸಿನಾಗೆ ಫ್ಯಾನ್ ತಿರುಗ್ತಾ ಐತೆ ನೋಡ್ರಿ" ಎಂದಿರಿ. ನನಗೆ ಚೆನ್ನಾಗಿ ಕೇಳಿಸಿತು. ನಾನೂ ನೋಡಿದೆ, ತಿರುಗುತ್ತಿತ್ತು. ಡ್ರೈವರಿಗೆ ಹೇಳಿದೆ, "ಹೋಗಾಣ ನಡಿಯಪ್ಪ, ಬಿಸಿಲು."

ದಾರಿಯಲ್ಲಿ ಓಂಕಾರಪ್ಪನವರು ಬುಟ್ಟಿಯಿಂದ ಬಾಳೆಹಣ್ಣು ತೆಗೆದು ಎಲ್ಲರಿಗೂ ಹಂಚಿದರು. ನೀವು ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಹೇಳಿದ್ದು ಹೀಗೆ: "ನಮ್ಮಪ್ಪ ಸಂತೆಯಾಗೆ ಒಂದು ಕುರಿ ತಗಬೇಕಾದ್ರೆ ಬಾಯಿ ಬಿಡಿಸಿ ಹಲ್ಲು ನೋಡ್ತಾನೆ ಸಾರ್. ನಾಕು ಹೆಜ್ಜೆ ನಡೆಸ್ತಾನೆ. ಮಾರೋನು ಸ್ವಂತ ಬೀಗ ಆದ್ರೂ ಬಿಡಲ್ಲ. ನಾವು ಸ್ವಿಚ್ಚೂ ಹಾಕಿಸ್ಲಿಲ್ಲ."

ಓಂಕಾರಪ್ಪನವರು ಜೋರಾಗಿ ನಕ್ಕು, "ಲೇ ರುದ್ರಪ್ಪ, ನಿನ್ನ ಕಂಪ್ಯೂಟರಿನ ಹಲ್ಲು ಎಣಿಸಿದ್ಯೇನಪ್ಪ?" ಎಂದರು. ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು. ಭೌತಶಾಸ್ತ್ರದ ಮೇಷ್ಟ್ರು ನಾನು. ಪ್ರಯೋಗ ಮಾಡದೆ ಫಲಿತಾಂಶ ಬರೆದ ಹುಡುಗರ ಲ್ಯಾಬ್ ಪುಸ್ತಕವನ್ನು ಎಷ್ಟು ಸಲ ಮುಖದ ಮೇಲೆ ಎಸೆದಿದ್ದೆನೋ. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳದೆ ನೀವು ಕೇಳಿದಿರಿ — ಆ ನಾಚಿಕೆ ಯಾರ ಪರವಾಗಿಯೂ ಅಲ್ಲ, ನನ್ನದೇ ಆಗಿತ್ತು ಎಂದು ಈಗ ಗೊತ್ತಾಗುತ್ತದೆ.

ಆರು ಹಾಳೆಯ ವರದಿ ಬರೆದೆ. ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳನ್ನು ಹುಡುಕಿ ಹಾಕಿದೆ. "ಕಾರ್ಯನಿರ್ವಹಣೆಯನ್ನು ಸಮಿತಿಯು ಖುದ್ದಾಗಿ ವೀಕ್ಷಿಸಿ ತೃಪ್ತಿ ಹೊಂದಿದೆ" ಎಂದೂ ಬರೆದೆ. ಸಹಿಗೆ ಬಂದಾಗ ನೀವು ನಿಂತುಕೊಂಡೇ ಆರೂ ಹಾಳೆ ಓದಿದಿರಿ. ಓದಿ, ಸಹಿ ಮಾಡುವುದಿಲ್ಲ ಎಂದಿರಿ. ನಾನು ಸಮಾಧಾನದ ಮಾತಾಡಿದೆ: ನಿಮ್ಮ ಅಭಿಪ್ರಾಯ ಬೇರೆ ಹಾಳೆಯಲ್ಲಿ ಬರೆದುಕೊಡಿ, ಅದನ್ನೂ ಸೇರಿಸಿಯೇ ಕಳಿಸುತ್ತೇನೆ, ಆಗ ಸಹಿಗೆ ತೊಂದರೆ ಇಲ್ಲವಲ್ಲ? ನೀವು ಒಪ್ಪಿ ಸಹಿ ಹಾಕಿದಿರಿ. ಮೇಷ್ಟ್ರ ಮಾತಲ್ಲವೇ — ನಂಬಿದಿರಿ.

ನಿಮ್ಮ ಹಾಳೆ ಈಗ ನನ್ನ ಮುಂದೆ ಬಿಚ್ಚಿಕೊಂಡಿದೆ. ಗುಂಡಗಿನ ಅಕ್ಷರ, ನೀಲಿ ಮಸಿ. "ಸದರಿ ಕಾಲೇಜಿನಲ್ಲಿ ಯಂತ್ರವನ್ನು ಚಾಲೂ ಮಾಡಿ ತೋರಿಸಿರುವುದಿಲ್ಲ. ಆದಕಾರಣ ತೃಪ್ತಿಕರ ಎನ್ನಲು ನನಗೆ ಆಧಾರವಿಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡ ಪುಸ್ತಕಗಳಿವೆ, ಅವುಗಳ ಹೆಸರು ಕನ್ನಡದಲ್ಲಿ ಬರುತ್ತದೆಯೇ? ಕರೆಂಟ್ ಇಲ್ಲದ ಹೊತ್ತಿನಲ್ಲಿ ಬಂದ ವಿದ್ಯಾರ್ಥಿಗೆ ಪುಸ್ತಕ ಕೊಡುವುದು ಹೇಗೆ? ಯಂತ್ರ ಕೆಟ್ಟರೆ ಯಾವ ಊರಿನಿಂದ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಮಂಜೂರಾತಿ ಬೇಡವೆಂದು ವಿನಂತಿ." ಕೆಳಗೆ ನಿಮ್ಮ ಸಹಿ.

ಅಷ್ಟೇ. ನನ್ನ ಆರು ಹಾಳೆಯಲ್ಲಿ ಇಲ್ಲದ್ದೆಲ್ಲ ಆ ಮುಕ್ಕಾಲು ಹಾಳೆಯಲ್ಲಿತ್ತು.

ಮರುದಿನ ನಮ್ಮ ಪ್ರಿನ್ಸಿಪಾಲರು ಕರೆದು, "ಮೇಷ್ಟ್ರೇ, ಸೋಮವಾರ ಮಂಡಳಿ ಸೇರ್ತೈತೆ. ವರದಿ ಒಮ್ಮತದ್ದಾದ್ರೆ ಒಂದೇ ಕೂತ್ಕೆಗೆ ಪಾಸು. ಕಂಪ್ಯೂಟರ್ ವಿಭಾಗದ ಉಸ್ತುವಾರಿ ನಿಮ್ದೇ ಅಂತ ಮಾತಾಗೈತೆ" ಎಂದರು. ಹಾಳೆ ತೆಗೆಯಿರಿ ಎಂದು ಅವರು ಹೇಳಲಿಲ್ಲ. ಅಂಥ ಹಾಳೆಯೊಂದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನಾನು ಲ್ಯಾಬಿಗೆ ಬಂದು ಬಾಗಿಲು ಮುಂದಕ್ಕೆ ಮಾಡಿದೆ. ಸೂಜಿ ತೆಗೆಯುವಾಗ ಬೆರಳಿಗೆ ಚುಚ್ಚಿತು ಎಂದೆಲ್ಲ ಬರೆದರೆ ಚೆನ್ನಾಗಿರುತ್ತಿತ್ತು — ಚುಚ್ಚಲಿಲ್ಲ. ಸಲೀಸಾಗಿ ಬಂತು.

ಕಂಪ್ಯೂಟರ್ ಬಂತು. ಕನ್ನಡದ ಹೆಸರುಗಳನ್ನು ಅದು ತೆಗೆದುಕೊಳ್ಳಲಿಲ್ಲ. ನೀವು ಸಾವಿರಾರು ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕೂರಿಸಿದಿರಿ. ಹುಡುಗರಿಗೆ ಪುಸ್ತಕ ಬೇಕಾದ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ. ಒಂದೂವರೆ ವರ್ಷಕ್ಕೆ ಒಂದು ಬೆಳಗ್ಗೆ ಯಂತ್ರ ಸುಮ್ಮನೆ ಕಪ್ಪಾಗಿ ಕೂತಿತು. ರಿಪೇರಿಯವರು ಮೂರು ವಾರಕ್ಕೆ ಬಂದು, ಒಳಗಿದ್ದದ್ದೆಲ್ಲ ಅಳಿಸಿಹೋಗಿದೆ ಎಂದು ಹೇಳಿ ಹೋದರು. ನಿಮ್ಮ ಮೂರು ಪ್ರಶ್ನೆಗಳೂ, ನೀವು ಬರೆದ ಕ್ರಮದಲ್ಲೇ, ಒಂದಾದ ಮೇಲೊಂದು ಬಂದು ನನ್ನೆದುರು ನಿಂತವು.

ಆಮೇಲಿನದು ಪ್ರಿನ್ಸಿಪಾಲರ ಕೋಣೆ. ಮಂಡಳಿಯ ಕಾರ್ಯದರ್ಶಿಗಳು, ಪ್ರಿನ್ಸಿಪಾಲರು, ಓಂಕಾರಪ್ಪನವರು, ನಾನು. ನೀವು ನಿಂತಿದ್ದಿರಿ. ಯಾರೂ ಕುಂತ್ಕಳ್ರಿ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅದೇ ವಾರ ನಿಮ್ಮ ಖಾಯಮಾತಿ ಮಂಡಳಿಯ ಮುಂದೆ ಬರುವುದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಕಾರ್ಯದರ್ಶಿಗಳು ವರದಿಯನ್ನು ಮೇಜಿನ ಮೇಲೆ ಹಾಕಿ, "ತೃಪ್ತಿಕರ ಅಂತ ನೀವೇ ಸಹಿ ಹಾಕೀರಿ. ಈಗ ನೋಡಿದ್ರೆ ಕಂಪ್ಯೂಟರ್ ಇದ್ದೂ ನೀವು ದಿನಾ ರಿಜಿಸ್ಟರಿನಾಗೆ ಬರ್ಕಂತಿದ್ರಂತೆ. ಮೊದಲಿಂದ್ಲೂ ನಿಮಗೆ ಕಲಿಯೋ ಮನಸ್ಸೇ ಇರ್ಲಿಲ್ಲ ಅಂತಾಯ್ತು" ಎಂದರು.

ನೀವು ನನ್ನ ಕಡೆ ತಿರುಗಿದಿರಿ. "ಸಾರ್, ನನ್ನದೊಂದು ಹಾಳೆ ಇತ್ತಲ್ಲ ಸಾರ್?"

ನಿಮ್ಮ ದನಿಯಲ್ಲಿ ಸಿಟ್ಟಿರಲಿಲ್ಲ. ನಂಬಿಕೆಯೇ ಇತ್ತು. ನಾನು ಹೌದೆಂದರೆ ಸಾಕು, ಲ್ಯಾಬಿಗೆ ಹೋಗಿ ತರುವುದಕ್ಕೆ ಎರಡು ನಿಮಿಷ. ಎರಡೇ ನಿಮಿಷ, ಕರಿಯಮ್ಮನವರೇ...

"ಯಾವ ಹಾಳೇನಮ್ಮ? ನನಗೆ ನೆನಪಿಲ್ಲ" ಎಂದೆ.

ನೀವು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಿರಿ. ಆಮೇಲೆ, "ಆತು ಬಿಡ್ರಿ ಸಾರ್" ಎಂದು ಹೊರಗೆ ಹೋದಿರಿ. ನಿಮ್ಮ ಖಾಯಮಾತಿ ಆ ವಾರ ಆಗಲಿಲ್ಲ. ನಮ್ಮಲ್ಲಿ ಮತ್ತೆ ಆಗಲೂ ಇಲ್ಲ. ವರ್ಷದ ಕೊನೆಗೆ ಆದೇಶ ಮುಗಿದಾಗ ಹೊಸ ಆದೇಶ ಬರಲಿಲ್ಲ.

ಕೊನೆಯ ದಿನ ನೀವು ಲ್ಯಾಬಿಗೆ ಬಂದಿರಿ. ಬೈಯಲು ಬಂದಿರಿ ಎಂದುಕೊಂಡೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಮ್ಮ ಕೈಯಲ್ಲಿ ಉದ್ದನೆಯ ಮೂರು ರಿಜಿಸ್ಟರುಗಳಿದ್ದವು. "ಆ ಮಿಷನ್ನಿನಾಗೆ ಹಾಕಿದ್ದೆಲ್ಲ ಇದ್ರಾಗೆ ಐತೆ ಸಾರ್. ಯಾವ ಪುಸ್ತಕ ಯಾರ ತಾವ ಐತೆ ಅಂತ ದಿನಾ ಸಂಜೆ ಬರೆದಿಟ್ಟಿದ್ದೆ. ಮುಂದೆ ಬರೋರಿಗೆ ಕೊಡ್ರಿ, ಅವರು ಪರದಾಡಬಾರ್ದು" ಎಂದಿರಿ. ಹಟ್ಟಿಯಲ್ಲಿ ಸಂಜೆ ಕುರಿ ಒಳಗೆ ಬಿಡುವಾಗ ಬಾಗಿಲಲ್ಲಿ ನಿಂತು ಎಣಿಸುತ್ತಾರೆ, ಎಣಿಸದೆ ಮಲಗುವುದಿಲ್ಲ ಎಂದು ಒಮ್ಮೆ ನೀವೇ ಹೇಳಿದ್ದಿರಿ. ಯಾವ ರಿಜಿಸ್ಟರನ್ನು ನಿಮ್ಮ ವಿರುದ್ಧ ಸಾಕ್ಷಿ ಮಾಡಿದ್ದರೋ ಅದೇ ರಿಜಿಸ್ಟರಿನಿಂದ ನಮ್ಮ ಗ್ರಂಥಾಲಯ ಉಳಿಯಿತು. ಅದನ್ನು ನೋಡಿಕೊಂಡು ಮುಂದಿನ ಬೇಸಿಗೆಯೊಳಗೆ ಹೊರಗಿದ್ದ ಪುಸ್ತಕಗಳನ್ನೆಲ್ಲ ವಾಪಸು ತರಿಸಿದೆವು. ಅದಕ್ಕೆ ನಾನು ನಿಮಗೆ ಒಂದು ಕಾಗದ ಬರೆದು ಕೃತಜ್ಞತೆ ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ — ತಡವಾಗಿ, ಆದರೆ ಮನಸಾರೆ.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ತಪ್ಪು. ನಾನು ಅದರ ಮೇಲೆ ಮನೆ ಕಟ್ಟಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಲೇಜುಗಳಿಗೆ ಒಂದರ ಹಿಂದೊಂದು ಯಂತ್ರ ಮಾರಲು ಜನ ಬರತೊಡಗಿದರು. ಇಂಗ್ಲಿಷ್ ಕಲಿಸುವ ಲ್ಯಾಬು, ಹಾಜರಿ ತೆಗೆಯುವ ಯಂತ್ರ, ಗೋಡೆಯ ಮೇಲೆ ಪಾಠ ಮೂಡಿಸುವ ಯಂತ್ರ. ಮತ್ತೆ ಸಮಿತಿ, ಮತ್ತೆ ನಾನೇ ಸಂಚಾಲಕ. ಯೋಜನೆ ಸೋತಿತ್ತು, ನನ್ನ ಹೆಸರು ಸೋತಿರಲಿಲ್ಲ — ಸೋಲನ್ನು ನೀವು ಹೊತ್ತುಕೊಂಡು ಹೋಗಿದ್ದಿರಲ್ಲ. ಹಾಗೆ ಮತ್ತೆ ಸಂಚಾಲಕನಾಗಿ ಕೂತ ದಿನ, ಹಿಂದಿನಂತೆಯೇ ಆದೀತೆಂದು ಭಯವಾಯಿತು. ಲಾಗರಿದಮ್ ಪುಸ್ತಕದಿಂದ ಆ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು, ಅದರಲ್ಲಿದ್ದದ್ದನ್ನೇ ಮಾರುವವನಿಗೆ ಕೇಳಿದೆ. ಮೊದಲು ಚಾಲೂ ಮಾಡಿ ತೋರಿಸಪ್ಪ. ಕನ್ನಡ ಬರುತ್ತದೋ? ಕರೆಂಟು ಹೋದರೆ? ಕೆಟ್ಟರೆ ಯಾರು ಬರುತ್ತಾರೆ, ಯಾವ ಊರಿಂದ? ಅವನು ಎರಡನೆಯ ಪ್ರಶ್ನೆಗೇ ಬೆವರಿದ.

ಆಮೇಲೆ ಅದೇ ನನ್ನ ಕಸುಬಾಯಿತು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ — ಎಲ್ಲಿಯ ಕಾಲೇಜಿನವರು ಕರೆದರೂ ಹೋದೆ. ಶಾಲು ಹಿಡಿದು ಬಂದರೆ, "ಮೊದ್ಲು ಸ್ವಿಚ್ ಹಾಕ್ರಿ, ಶಾಲು ಆಮೇಲೆ" ಎನ್ನುತ್ತಿದ್ದೆ. ಜನ ನಕ್ಕು, ಸ್ವಿಚ್ ಮೇಷ್ಟ್ರು ಎಂದು ಹೆಸರಿಟ್ಟರು. ಎಷ್ಟೋ ಕಾಲೇಜುಗಳು ಆ ಪ್ರಶ್ನೆಗಳಿಂದ ಉಳಿದವು. ನಮ್ಮ ಪ್ರಿನ್ಸಿಪಾಲರು ಅವನ್ನು ಟೈಪು ಮಾಡಿಸಿ, ಪ್ರತಿ ತೆಗೆಸಿ, ಮೇಲೆ "ತಾಂತ್ರಿಕ ಯೋಜನೆಗಳ ಪೂರ್ವ ಪರಿಶೀಲನಾ ನಮೂನೆ, ರಚನೆ: ರುದ್ರಪ್ಪ" ಎಂದು ಹಾಕಿಸಿದರು. ಮೊದಲ ಪ್ರತಿಯನ್ನು ನನ್ನ ಕೈಗೆ ಕೊಟ್ಟಾಗ ನಾನು ಒಂದೇ ಒಂದು ಮಾತು ಹೇಳಬಹುದಿತ್ತು. ಕೆಮ್ಮಿದೆ. ಚೆನ್ನಾಗಿ ಬಂದಿದೆ ಎಂದೆ.

ಎಲ್ಲರೂ ಅದನ್ನು ರುದ್ರಪ್ಪ ನಮೂನೆ ಎನ್ನುತ್ತಿದ್ದರು. ಅದರ ಒಂದೊಂದು ಪ್ರಶ್ನೆಯ ಹಿಂದೆಯೂ ನೀಲಿ ಮಸಿಯ ಗುಂಡಗಿನ ಅಕ್ಷರ ನನಗೆ ಮಾತ್ರ ಕಾಣುತ್ತಿತ್ತು.

ಹಾಗೆಯೇ ನಡೆದುಹೋಗುತ್ತಿತ್ತೇನೋ. ನನ್ನ ನಿವೃತ್ತಿಗೆ ಎರಡು ವರ್ಷವಿರುವಾಗ ಚಿತ್ರದುರ್ಗದಲ್ಲಿ ಗ್ರಂಥಪಾಲಕರಿಗೆ ಒಂದು ಕಾರ್ಯಾಗಾರ ಇಟ್ಟುಕೊಂಡರು. ನಾನು ಉಪನ್ಯಾಸಕ. ನಮೂನೆಯನ್ನು ಎಲ್ಲರಿಗೂ ಹಂಚಿಸಿದೆ. ಮೂರನೆಯ ಸಾಲಿನಲ್ಲಿ ನೀವು ಕೂತಿದ್ದಿರಿ.

ನೀವು ಚಿಕ್ಕಜಾಜೂರಿನ ಒಂದು ಶಾಲೆಯಲ್ಲಿದ್ದು, ಆಮೇಲೆ ಹೊಳಲ್ಕೆರೆಯ ಕಾಲೇಜೊಂದಕ್ಕೆ ಸೇರಿದಿರಿ, ಅಲ್ಲಿ ಕೊನೆಗೂ ಖಾಯಂ ಆದಿರಿ ಎಂಬುದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ನನಗೆ ಕಂಡದ್ದು ನಿಮ್ಮ ನರೆತ ತಲೆ, ಬಗ್ಗಿದ ಕತ್ತು, ಕೈಯಲ್ಲಿನ ಹಾಳೆ. ನೀವು ಪೂರ್ತಿ ಓದಿದಿರಿ. ರಚನೆ ಎಂಬ ಸಾಲನ್ನೂ ಓದಿದಿರಿ. ನಾನು ಮಾತಾಡುತ್ತಿದ್ದೆ, ಏನು ಮಾತಾಡಿದೆನೋ ನೆನಪಿಲ್ಲ — ಇದು ಮಾತ್ರ ನಿಜವಾಗಿಯೂ ನೆನಪಿಲ್ಲ.

ಚಹದ ಹೊತ್ತಿನಲ್ಲಿ ನೀವೇ ನನ್ನ ಹತ್ತಿರ ಬಂದಿರಿ. "ಚೆನ್ನಾಗಿದೀರಾ ಸಾರ್? ಬಾಳ ಸೊರಗಿದೀರಿ" ಎಂದಿರಿ. ಮನೆಯವರ ಆರೋಗ್ಯ ಕೇಳಿದಿರಿ. ಆಮೇಲೆ ನಮೂನೆಯ ಮೇಲೆ ಬೆರಳಿಟ್ಟು, "ಈ ಮೂರನೇದು ಹಳೇದಾತು ಸಾರ್. ಈಗ ಕೆಟ್ರೆ ಯಾರಾದ್ರೂ ಬಂದೇ ಬರ್ತಾರೆ. ನಾವು ಅದ್ರಾಗೆ ಹಾಕಿದ್ದೆಲ್ಲ ನಾಳೆ ಅವರು ಅಂಗಡಿ ಮುಚ್ಚಿದ್ರೆ ನಮಗೆ ವಾಪಸ್ ಬರ್ತೈತಾ, ಅದನ್ನ ಕೇಳ್ಬೇಕು. ಸೇರ್ಸ್ಕಳ್ರಿ" ಎಂದಿರಿ.

ಅಷ್ಟೇ ಅಂದದ್ದು. ಇದು ನನ್ನದು ಎನ್ನಲಿಲ್ಲ. ಚುಚ್ಚಲಿಲ್ಲ, ಕೊಂಕಾಡಲಿಲ್ಲ. ಕದ್ದವನ ಕೈಯಲ್ಲಿ ತನ್ನ ಅಂಗಿ ನೋಡಿ, ಇದಕ್ಕೆ ಇನ್ನೊಂದು ಗುಂಡಿ ಹೊಲಿಸಬೇಕಪ್ಪ ಎಂದು ಹೇಳುವವರು ಎಲ್ಲಿರುತ್ತಾರೆ? ನಾನು ಏನು ಮಾಡಿದೆ ಗೊತ್ತೇ — ಜೇಬಿನಿಂದ ಪೆನ್ನು ತೆಗೆದು ಅದನ್ನೂ ಬರೆದುಕೊಂಡೆ. ಮುಂದಿನ ಪ್ರತಿಯಲ್ಲಿ ಅದೂ ನನ್ನ ಹೆಸರಿನ ಕೆಳಗೇ ಅಚ್ಚಾಯಿತು. ನೀವು ಕ್ಷಮಿಸಿದ್ದಿರೋ, ಅಥವಾ ಅದಕ್ಕೆ ತಲೆಯನ್ನೇ ಕೆಡಿಸಿಕೊಳ್ಳದೆ ಕೆಲಸ ಸರಿಯಾಗಲಿ ಎಂದಷ್ಟೇ ಬಯಸಿದ್ದಿರೋ, ನನಗೆ ತಿಳಿಯದು. ಕೇಳುವ ಧೈರ್ಯವೂ ಆಗಲಿಲ್ಲ.

ಆದರೆ ಅವತ್ತು ಬಸ್ಸಿನಲ್ಲಿ ಹೊಸದುರ್ಗಕ್ಕೆ ವಾಪಸು ಬರುವಾಗ ಕಣ್ಣು ತುಂಬಿ ಬಂತು. ದುಃಖದಿಂದ ಮಾತ್ರ ಅಲ್ಲ. ನನ್ನ ಜೀವನದಲ್ಲಿ ಇಂಥವರೊಬ್ಬರು ಬಂದುಹೋದರಲ್ಲ, ಅವರ ಮುಕ್ಕಾಲು ಹಾಳೆಯಿಂದ ನಾನು ಹತ್ತು ವರ್ಷ ಮರ್ಯಾದೆಯಾಗಿ ಬಾಳಿದೆನಲ್ಲ ಎಂದು. ನೋಡದೆ ನೋಡಿದೆ ಎಂದು ಬರೆಯಬಾರದು ಎಂಬುದನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟೆ. ನನಗೆ ಹೇಳಿಕೊಟ್ಟವರು ನೀವು. ಈ ಋಣ ದೊಡ್ಡದು, ಕರಿಯಮ್ಮನವರೇ. ನೆನೆದಾಗೆಲ್ಲ ಕೈ ಮುಗಿಯುತ್ತೇನೆ.

ಹೋದ ವಾರ ಕಾಲೇಜಿಗೆ ಹೋಗಿದ್ದೆ. ಈಗಿನ ಪ್ರಿನ್ಸಿಪಾಲರ ಮುಂದೆ ಆ ಹಳೆಯ ಕಡತ ತೆಗೆಸಿ, ನಿಮ್ಮ ಹಾಳೆಯನ್ನು ತೋರಿಸಿ, ನಡೆದದ್ದನ್ನು ಹೇಳಿದೆ. ಜೊತೆಗೆ ನನ್ನ ಸಹಿ ಹಾಕಿದ ಒಂದು ಕಾಗದ ಕೊಟ್ಟೆ: ವರದಿ ಒಮ್ಮತದ್ದಾಗಿರಲಿಲ್ಲ, ಗ್ರಂಥಪಾಲಕಿಯವರು ಆಕ್ಷೇಪಿಸಿದ್ದರು, ಆ ಆಕ್ಷೇಪಣೆಯನ್ನು ತೆಗೆದುಹಾಕಿದವನು ಸಂಚಾಲಕನಾದ ನಾನು, ವಿಚಾರಣೆಯಲ್ಲಿ ಸುಳ್ಳು ಹೇಳಿದವನೂ ನಾನೇ, ನಮೂನೆಯ ರಚನೆ ಶ್ರೀಮತಿ ಕರಿಯಮ್ಮನವರದು ಎಂದು. "ಈಗ ಇದೆಲ್ಲ ಯಾಕೆ ಸಾರ್, ಬಿಡ್ರಿ, ನಿಮ್ಮ ಹೆಸರು..." ಎಂದರು. ನಾನು ಏಳಲಿಲ್ಲ. ಕೊನೆಗೆ ಮೊಹರು ಹಾಕಿ ತೆಗೆದುಕೊಂಡರು. ನಿಮ್ಮ ಹಾಳೆಯನ್ನು ಮಾತ್ರ, ನಿಮ್ಮ ಅಪ್ಪಣೆ ಪಡೆದು ಕಡತಕ್ಕೆ ಸೇರಿಸುತ್ತೇನೆ ಎಂದು ಹೇಳಿ ವಾಪಸು ತಂದಿದ್ದೇನೆ.

ಇದರಿಂದ ನಿಮಗೆ ಕಳೆದುಹೋದದ್ದು ಯಾವುದೂ ಬರುವುದಿಲ್ಲ. ಆ ಕೋಣೆಯಲ್ಲಿ ನಿಂತಿದ್ದದ್ದು ನೀವು, ಕೂತಿದ್ದದ್ದು ನಾನು. ಅದನ್ನು ಯಾವ ಮೊಹರೂ ಬದಲಾಯಿಸುವುದಿಲ್ಲ.

ಈ ಬರಹ ಅಚ್ಚಿಗೆ ಹೋಗುವ ಮೊದಲು ನೀವು ಓದಬೇಕು. ನಾಳೆ ಬೆಳಗಿನ ಬಸ್ಸಿಗೆ ಹೊಳಲ್ಕೆರೆಗೆ ಬರುತ್ತಿದ್ದೇನೆ, ನಾಲ್ಕು ಮಡಿಕೆಯ ನಿಮ್ಮ ಹಾಳೆಯೂ ಜೊತೆಗಿರುತ್ತದೆ. ನೀವು ಹುಡುಗರಿಗೆ ಪುಸ್ತಕ ಕೊಡುತ್ತಿರುತ್ತೀರಿ. ಕೆಲಸ ಬಿಟ್ಟು ಏಳಬೇಡಿ, ಕಾಫಿ ತರಿಸಬೇಡಿ. ನಿಮ್ಮ ಮೇಜಿನ ಮೇಲೆ ಎರಡನ್ನೂ ಇಟ್ಟು, ಬಾಗಿಲ ಹತ್ತಿರ ಎಲ್ಲಾದರೂ ನಿಂತಿರುತ್ತೇನೆ. ಅರ್ಧ ಗಂಟೆಯಾಗಲಿ, ಸಂಜೆಯಾಗಲಿ — ಈ ಸಲ ನಾನು ಕಾಯುತ್ತೇನೆ.